ಉಣುಗಿಗೆ ಅಂತ ಕೊಂಡದ್ದು, ಕೆಲಸಕ್ಕೆ ಬಂದದ್ದು

ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ಉಣುಗು ಕೀಳುವುದಕ್ಕೆ ಒಂದೇ ಸಾಮಾನು ಕೊಳ್ಳುವುದಾದರೆ ಸೂಜಿ ಮೂತಿಯ ಸ್ಟೀಲ್ ಪ್ಲಕ್ಕರ್ ಕೊಳ್ಳಿ. ಇನ್ನೊಂದು ಕೊಳ್ಳುವ ಮನಸ್ಸಿದ್ದರೆ ಭೂತಗನ್ನಡಿ ತಗೊಳ್ಳಿ. ಉಣುಗು ಹತ್ತಿರ ಬರದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಪುಕ್ಕಟೆ ಸಿಗುತ್ತದೆ, ಅದನ್ನು ಕೇಳಿ ಇಸಕೊಳ್ಳಿ. ಆನ್‌ಲೈನ್‌ನಲ್ಲಿ ಬರುವ ಪ್ಲಾಸ್ಟಿಕ್ ಕೊಕ್ಕೆ ನಾಯಿ ಸಾಕಿದವರಿಗೆ ಆದೀತು, ಮನುಷ್ಯರ ಮೈಯಿಂದ ಕೀಳಲು ಬೇಡ.

ನಮ್ಮದು ಸಾಗರ ತಾಲೂಕಿನ ಹಳ್ಳಿ. ಮನೆ ಹಿಂದೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅಲ್ಲಿಂದ ಆಚೆ ಕಾಡು. ಕೊಟ್ಟಿಗೆಯಲ್ಲಿ ದನ ಇವೆ, ಅಂಗಳದಲ್ಲಿ ನಾಯಿ ಇದೆ. ಅಡಿಕೆ ಕೊನೆ ಕೊಯ್ಲು ಮುಗಿದು ಸಂಕ್ರಾಂತಿ ಕಳೆಯಿತು ಅಂದರೆ ದರಕು ಗುಡಿಸುವ ಕೆಲಸ ಶುರು. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ತೋಟದ ಬುಡಕ್ಕೆ ಒಣ ಎಲೆ ಬೇಕೇ ಬೇಕು. ಉಣುಗಿನ ಮರಿಗಳು ನೆಲದ ಎಲೆಯಲ್ಲಿ ತುಂಬಿರುವುದೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿ ಅಂತ ಹೇಳುವುದು ಸುಲಭ. ದರಕು, ಸೌದೆ, ದನ ಇಟ್ಟುಕೊಂಡವರಿಗೆ ಹೋಗದೆ ಗತಿಯಿಲ್ಲ. ಹಾಗಾಗಿ ಹೋಗುವವರಿಗೆ ಯಾವ ಸಾಮಾನು ನಿಜವಾಗಿ ಸಹಾಯ ಮಾಡುತ್ತದೆ ಅನ್ನುವುದು ನನಗೆ ಮುಖ್ಯ. ಎಲ್ಲವನ್ನೂ ನಾವೇ ಬಳಸಿ ಬರೆಯುತ್ತಿದ್ದೇನೆ. ಯಾವ ಅಂಗಡಿಯವರೂ ಬರೆಯಿರಿ ಅಂತ ಹೇಳಿಲ್ಲ.

ಉಣುಗು ಅಂದರೆ ನಮ್ಮ ಜಿಲ್ಲೆಯಲ್ಲಿ ಬರೀ ತುರಿಕೆಯ ವಿಷಯ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲ ಹಳ್ಳಿಗಳಲ್ಲಿ ಜನಕ್ಕೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಹೊಸ ವೈರಸ್ ಸಿಕ್ಕಿತು, ಅದನ್ನು ಹರಡುವುದು ಉಣುಗು. ಜಗತ್ತಿನ ವೈದ್ಯರೆಲ್ಲ ಆ ಜ್ವರವನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ, ಅನ್ನುತ್ತಾರೆ. ನಮಗೆ ಅದು ಮಂಗನ ಕಾಯಿಲೆ. 2019ರ ಬೇಸಿಗೆಗೆ ಮುಂಚೆ ನಮ್ಮದೇ ತಾಲೂಕಿನ ಅರಳಗೋಡು ಸುತ್ತ ಅದು ಜೋರಾಗಿ ಬಂದಾಗ ಎಷ್ಟು ಮನೆಯವರು ಊರು ಬಿಟ್ಟು ನೆಂಟರ ಮನೆ ಸೇರಿದರು ಅನ್ನುವುದು ಈ ಕಡೆಯವರಿಗೆ ಗೊತ್ತು. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆ ಅಂತಲೇ ಔಷಧಿ ಇಲ್ಲ. ಹಳೇ ಲಸಿಕೆಯಿಂದ ಅಷ್ಟು ಪ್ರಯೋಜನ ಆಗುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹಾಗಿರುವಾಗ ಉಣುಗು ಕಚ್ಚದ ಹಾಗೆ ನೋಡಿಕೊಳ್ಳುವುದು, ಕಚ್ಚಿದರೆ ಬೇಗ ನೋಡಿ ಕೀಳುವುದು, ಇವೆರಡೇ ನಮ್ಮ ಕೈಯಲ್ಲಿರುವುದು.

ಕೀಳಬೇಕಾದರೆ ಮೊದಲು ಕಾಣಬೇಕಲ್ವಾ. ಅದಕ್ಕೇ ಭೂತಗನ್ನಡಿಯಿಂದ ಶುರು ಮಾಡುತ್ತೇನೆ.

ನಾವು ತಂದದ್ದು ಪುಸ್ತಕದಂಗಡಿಯಲ್ಲಿ ಮಕ್ಕಳಿಗೆ ಅಂತ ಮಾರುವ, ಹಿಡಿ ಇರುವ ಸಾಧಾರಣ ಲೆನ್ಸ್. ದೊಡ್ಡ ಬೆಲೆಯದ್ದಲ್ಲ. ಲೈಟ್ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ, ಯಾಕಂದರೆ ನೋಡುವುದು ಸಂಜೆ ಹೊತ್ತು, ಬಚ್ಚಲು ಮನೆಯ ಮಂಕು ಬೆಳಕಿನಲ್ಲಿ. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದರಲ್ಲಿ ಲೆನ್ಸ್ ಹಿಡಿದರೆ ಪ್ಲಕ್ಕರ್ ಹಿಡಿಯಲು ಮೂರನೇ ಕೈ ಬೇಕಾಗುತ್ತದೆ. ಈಗ ನಮ್ಮಲ್ಲಿ ಲೆನ್ಸ್ ಮತ್ತು ಟಾರ್ಚ್ ಮಗಳ ಕೆಲಸ.

ದನದ ಮೈಮೇಲೆ ದ್ರಾಕ್ಷಿ ಬಣ್ಣಕ್ಕೆ ಊದಿ ನೇತಾಡುವ ಉಣುಗು ಎಲ್ಲರಿಗೂ ಗೊತ್ತು. ಅದು ಹೊಟ್ಟೆ ತುಂಬಿದ ಹೆಣ್ಣು. ನೋಡಲು ಥೇಟ್ ಹರಳು ಬೀಜ. ಉಣುಗು ಅಂದರೆ ಇದೇ ಅಂತ ತಲೆಯಲ್ಲಿ ಕೂತಿರುವುದರಿಂದಲೇ ಮನುಷ್ಯರಿಗೆ ಹತ್ತುವ ಉಣುಗು ಕಣ್ಣಿಗೆ ಬೀಳುವುದಿಲ್ಲ. ನಮಗೆ ಹತ್ತುವುದು ಹೆಚ್ಚಾಗಿ ಮರಿ, ಡಾಕ್ಟರು ನಿಂಫ್ ಅನ್ನುವ ಹಂತದ್ದು. ಉದ್ದ ಎರಡು ಮಿಲಿಮೀಟರ್ ಕೂಡ ಬರುವುದಿಲ್ಲ. ಕಂದು ಬಣ್ಣದ ಚುಕ್ಕೆ ಅಷ್ಟೇ. ಮಚ್ಚೆಯೋ, ಒಣಗಿದ ಗಾಯದ ಹಕ್ಕಳೆಯೋ, ಮಣ್ಣೋ ಅಂದುಕೊಂಡು ಕೈ ಒರೆಸಿ ಬಿಟ್ಟುಬಿಡುತ್ತೇವೆ. ಮಣ್ಣಾದರೆ ಒರೆಸಿದರೆ ಹೋಗುತ್ತದೆ. ಉಣುಗು ಹೋಗುವುದಿಲ್ಲ. ಲೆನ್ಸ್ ಹಿಡಿದರೆ ಚುಕ್ಕೆಗೆ ಕಾಲು ಇರುವುದು ಕಾಣುತ್ತದೆ. ಮಚ್ಚೆಗೆ ಕಾಲಿರುವುದಿಲ್ಲ.

ಆ ಕಾಲುಗಳನ್ನು ಎಣಿಸಿ. ನಿಂಫ್ ಮತ್ತು ದೊಡ್ಡ ಉಣುಗಿಗೆ ಎಂಟು ಕಾಲು. ಮೊಟ್ಟೆಯಿಂದ ಆಗಷ್ಟೇ ಬಂದ ಲಾರ್ವಾಕ್ಕೆ ಮಾತ್ರ ಆರು, ಅದು ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ಉಣುಗು ಕೀಟದ ಜಾತಿಯಲ್ಲ, ಜೇಡ, ಚೇಳಿನ ಬಳಗದ್ದು. ಹೇನು, ತಿಗಣೆ, ಚಿಗಟ ಎಲ್ಲಕ್ಕೂ ಆರೇ ಕಾಲು, ತಲೆ ಮೇಲೆ ಮೀಸೆಯೂ ಇರುತ್ತದೆ. ಉಣುಗಿಗೆ ಮೀಸೆ ಇಲ್ಲ, ರೆಕ್ಕೆ ಇಲ್ಲ. ಜೇಡಕ್ಕೆ ಮೈ ಎರಡು ಭಾಗ, ನಡುವೆ ಸೊಂಟ ಕಾಣುತ್ತದೆ. ಉಣುಗಿನ ಮೈ ಒಂದೇ ತುಂಡು, ಚಪ್ಪಟೆ, ಮುಂದಕ್ಕೆ ಚಾಚಿದ ಬಾಯಿ. ಚಿಗಟ ಹಾರುತ್ತದೆ. ಉಣುಗು ಹಾರುವುದೂ ಇಲ್ಲ, ಮರದ ಮೇಲಿಂದ ತಲೆ ಮೇಲೆ ಬೀಳುವುದೂ ಇಲ್ಲ. ಹುಲ್ಲಿನ ತುದಿಯಲ್ಲೋ ಒಣ ಎಲೆಯ ಅಂಚಿನಲ್ಲೋ ಕೂತು ಮುಂಗಾಲು ಚಾಚಿಕೊಂಡು ಕಾಯುತ್ತದೆ. ನಮ್ಮ ಕಾಲು ತಗುಲಿದ ಕ್ಷಣ ಹಿಡಿದುಕೊಂಡು ಮೇಲೆ ಹತ್ತುತ್ತದೆ. ಮಂಗನ ಕಾಯಿಲೆ ತರುವುದರಲ್ಲಿ ಮುಖ್ಯವಾದದ್ದು ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಉಣುಗು. ಅದಕ್ಕೆ ಕಣ್ಣೇ ಇಲ್ಲ. ಮುಂಗಾಲಿನ ತುದಿಯಲ್ಲಿರುವ ಸಣ್ಣ ಗುಳಿಯಿಂದ ನಮ್ಮ ಉಸಿರು, ಮೈ ಬಿಸಿ, ವಾಸನೆ ಎಲ್ಲ ಅದಕ್ಕೆ ಗೊತ್ತಾಗುತ್ತದೆ.

ದೊಡ್ಡ ಉಣುಗು ಸಿಕ್ಕಿದರೆ ಬೆನ್ನು ನೋಡಿ. ಬೆನ್ನ ಮೇಲೆ ಗಟ್ಟಿ ಚಿಪ್ಪು ಇದೆ. ಗಂಡಿಗೆ ಆ ಚಿಪ್ಪು ಬೆನ್ನು ಪೂರ್ತಿ ಮುಚ್ಚಿರುತ್ತದೆ, ಹಾಗಾಗಿ ಅದು ಜಾಸ್ತಿ ಊದುವುದಿಲ್ಲ. ಹೆಣ್ಣಿಗೆ ಚಿಪ್ಪು ಮುಂದಿನ ಅರ್ಧಕ್ಕೆ ಮಾತ್ರ. ಹಿಂದಿನ ಭಾಗ ಚರ್ಮ, ರಕ್ತ ಕುಡಿದಂತೆ ಹಿಗ್ಗುತ್ತಾ ಹೋಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬಿದ್ದು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಊದಿದ ಉಣುಗು ಬಿದ್ದಿದ್ದರೆ ಸುಮ್ನೆ ಬಿಡಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಇಂಬಳದ ಜೊತೆ ಉಣುಗನ್ನು ಸೇರಿಸಿ ಯೋಚಿಸುವ ಅಭ್ಯಾಸ ನಮ್ಮಲ್ಲಿದೆ. ಎರಡೂ ರಕ್ತ ಕುಡಿಯುವುದು ನಿಜ. ಆದರೆ ಇಂಬಳ ಮಳೆಗಾಲದ್ದು, ಒದ್ದೆ ಇದ್ದಲ್ಲಿ ಇರುತ್ತದೆ, ಸ್ವಲ್ಪ ಹೊತ್ತು ಕುಡಿದು ತಾನೇ ಬಿದ್ದು ಹೋಗುತ್ತದೆ, ಬಿದ್ದ ಮೇಲೆ ರಕ್ತ ಸುರಿದು ಎಲ್ಲರಿಗೂ ಗೊತ್ತಾಗುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಮುಟ್ಟಿಸಿದರೆ ಬಿಡುತ್ತದೆ. ಉಣುಗಿನ ಮರಿಯ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಒಣಗಿದ ಕಾಡಿನಲ್ಲಿ. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದರ ಜೊಲ್ಲಿಗೆ ಜಾಗ ಮರಗಟ್ಟಿಸುವ ಗುಣ ಇದೆ. ಒಂದು ಸಲ ಕಚ್ಚಿಕೊಂಡರೆ ದಿನಗಟ್ಟಲೆ ಅಲ್ಲೇ ಇರುತ್ತದೆ. ಬಾಯಲ್ಲಿ ಹಿಮ್ಮುಖವಾದ ಮುಳ್ಳುಗಳಿವೆ, ಜೊತೆಗೆ ಗಮ್ಮಿನಂಥ ಅಂಟು ಬೇರೆ ಸುರಿಸಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇಂಬಳಕ್ಕೆ ಮಾಡಿದ್ದನ್ನೇ ಇದಕ್ಕೆ ಮಾಡಿದರೆ ಬಿಡುವುದಿಲ್ಲ.

ಈಗ ಪ್ಲಕ್ಕರ್. ಫ್ಯಾನ್ಸಿ ಸ್ಟೋರ್‌ನಲ್ಲಿ ಹುಬ್ಬು ಕೀಳಲು ಮಾರುವ ಪ್ಲಕ್ಕರ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಮೂತಿ ಅಗಲ, ಓರೆಯಾಗಿ ಕತ್ತರಿಸಿರುತ್ತದೆ. ಅದರಲ್ಲಿ ನಿಂಫ್ ಹಿಡಿದರೆ ಬಾಯಿಯ ಜೊತೆ ಹೊಟ್ಟೆಯೂ ಸಿಕ್ಕಿ ಅಮುಕಿದಂತಾಗುತ್ತದೆ. ಹೊಟ್ಟೆ ಅಮುಕಿದರೆ ಒಳಗಿರುವುದು ನಮ್ಮ ಮೈಗೆ ಸೇರುವ ಭಯ. ನಮಗೆ ಬೇಕಾದದ್ದು ತುದಿ ಸೂಜಿಯ ಹಾಗೆ ಇರುವ, ಮುಚ್ಚಿದಾಗ ಎರಡು ತುದಿಯೂ ಕೂದಲೆಳೆ ಜಾಗ ಬಿಡದೆ ಕೂಡುವ ಪ್ಲಕ್ಕರ್. ವಾಚ್ ರಿಪೇರಿಯವರು ಇಟ್ಟುಕೊಂಡಿರುತ್ತಾರಲ್ಲ, ಅದೇ ತರಹದ್ದು. ಶಿವಮೊಗ್ಗದ ದುರ್ಗಿಗುಡಿ ಕಡೆ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ನೇರ ತುದಿಯದ್ದು, ಬಾಗಿದ ತುದಿಯದ್ದು ಎರಡೂ ಇದ್ದವು. ಬಾಗಿದ್ದು ನನಗೆ ಹೆಚ್ಚು ಒಪ್ಪಿತು. ಕೈ ಅಡ್ಡ ಬರುವುದಿಲ್ಲ, ಮೂತಿಯನ್ನು ಚರ್ಮಕ್ಕೆ ತಾಗಿಸಿ ಮಲಗಿಸಬಹುದು.

ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನಿಮ್ಮ ಮುಂಗೈಯ ಒಂದೇ ಒಂದು ಸಣ್ಣ ಕೂದಲು ಹಿಡಿದು ಎಳೆಯಿರಿ. ಜಾರದೆ ಬಂದರೆ ಆ ಪ್ಲಕ್ಕರ್ ಸರಿ. ತುದಿ ಒಂದರ ಮೇಲೊಂದು ಹತ್ತಿ ಕೂತರೆ ಬೇರೆ ಕೇಳಿ. ಗಟ್ಟಿ ಸ್ಪ್ರಿಂಗ್ ಇರುವುದೂ ಬೇಡ. ಬೆರಳಿಗೆ ಬಲ ಜಾಸ್ತಿ ಹಾಕಬೇಕಾದರೆ ಹಿಡಿತ ತಪ್ಪುತ್ತದೆ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆ ಅಕ್ಕ ನಮ್ಮ ಜೊತೆ ದರಕು ಗುಡಿಸಿ ಬಂದವರು, ಸಂಜೆ ಜಗಲಿಯಲ್ಲಿ ಕೂತು, "ಮಾರಾಯ್ತಿ, ಮೊಣಕಾಲ ಹಿಂದೆ ಏನೋ ಚುರುಚುರು ಅಂತದೆ, ನೋಡು" ಅಂದರು. ಮಗಳು ಟಾರ್ಚ್ ಹಿಡಿದಳು. ಮಡಿಕೆಯ ಒಳಗೆ, ಬೆವರಿನ ಗೆರೆಯ ಪಕ್ಕದಲ್ಲೇ ಕಂದು ಚುಕ್ಕೆ. ಲೆನ್ಸ್‌ನಲ್ಲಿ ನೋಡಿದರೆ ಹಿಂಭಾಗ ಮೇಲೆದ್ದು, ಮೂತಿ ಚರ್ಮದೊಳಗೆ. ಹಿಂದಿನ ಕಾಲುಗಳು ಮೆಲ್ಲಗೆ ಆಡುತ್ತಿದ್ದವು. ಅಕ್ಕ, "ಉಗುರಲ್ಲಿ ಕೆರೆದು ತೆಗೀಲಾ?" ಅಂದರು. "ಬೇಡ ಅಕ್ಕ, ಕೈ ಹಾಕಬೇಡಿ" ಅಂದೆ. ಪ್ಲಕ್ಕರ್ ಮೂತಿಯನ್ನು ಚರ್ಮಕ್ಕೆ ಒತ್ತಿ ಇಟ್ಟು, ಹೊಟ್ಟೆ ಬಿಟ್ಟು ಬಾಯಿಯ ಬುಡವನ್ನೇ ಹಿಡಿದೆ. ತಿರುಪಲಿಲ್ಲ, ಜಗ್ಗಲಿಲ್ಲ. ನೇರ ಮೇಲಕ್ಕೆ ಒಂದೇ ಸಮ ಎಳೆದು ಹಾಗೇ ಹಿಡಿದುಕೊಂಡೆ. ಚರ್ಮ ಸ್ವಲ್ಪ ಮೇಲೆದ್ದು ನಿಂತಿತು. ಆಗ ಗಾಬರಿಯಾಗಿ ಕಿತ್ತುಬಿಡಬಾರದು. ಕಾದರೆ ಅದು ತಾನೇ ಸಡಿಲ ಬಿಡುತ್ತದೆ. ಬಿಟ್ಟಿತು. ಅದರ ಬಾಯಲ್ಲಿ ಬಿಳಿ ಚೂರು ಸಿಕ್ಕಿಕೊಂಡಿತ್ತು, ಕಾಲುಗಳು ಗಾಳಿಯಲ್ಲಿ ಆಡುತ್ತಲೇ ಇದ್ದವು. ಜಾಗವನ್ನು ಸೋಪು ನೀರಲ್ಲಿ ತೊಳೆದು ಸ್ಪಿರಿಟ್ ಒರೆಸಿದೆವು. ಕೈಯನ್ನೂ ಸೋಪು ಹಾಕಿ ತೊಳೆದೆವು.

ಕಿತ್ತ ಉಣುಗನ್ನು ಉಗುರಲ್ಲಿ ಹಿಸುಕುವುದು ನಮ್ಮ ಕಡೆಯ ಹಳೇ ರೂಢಿ. ಅದನ್ನು ದಯವಿಟ್ಟು ಬಿಡಿ. ಒಡೆದ ಉಣುಗಿನ ರಸ ಬೆರಳಿನ ಗೀರು, ಕಣ್ಣಿಗೆ ತಾಗಬಾರದು. ನಾವು ಅದನ್ನು ಸೆಲ್ಲೋ ಟೇಪ್ ಮಧ್ಯೆ ಒತ್ತಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದ ಮೇಲೆ ಅಂಟಿಸುತ್ತೇವೆ. ಪಕ್ಕದಲ್ಲಿ ಯಾರಿಗೆ ಹತ್ತಿದ್ದು ಅಂತ ಹೆಸರಿನ ಮೊದಲ ಅಕ್ಷರ. ಮಂಗನ ಕಾಯಿಲೆಯಾದರೆ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ಡಾಕ್ಟರು "ಯಾವಾಗ ಕಚ್ಚಿತ್ತು?" ಅಂತ ಕೇಳಿದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುವುದು ತಪ್ಪುತ್ತದೆ. ಟೇಪಿನ ಒಂದು ಉರುಳೆ ಮನೆಯಲ್ಲಿರಲಿ, ಇದೂ ಉಣುಗಿನ ಸಾಮಾನೇ.

ಕೆಲವು ಸಲ ಮೈ ಬಂದು ಬಾಯಿ ಒಳಗೆ ಉಳಿಯುತ್ತದೆ. ಪ್ಲಕ್ಕರಲ್ಲಿ ಸುಲಭವಾಗಿ ಸಿಕ್ಕರೆ ತೆಗೆಯಿರಿ. ಸಿಗದಿದ್ದರೆ ಸೂಜಿ ಹಾಕಿ ಬಗೆಯಬೇಡಿ. ಜಾಗ ಚೊಕ್ಕಟ ಇಟ್ಟರೆ ಮುಳ್ಳಿನ ಚೂರನ್ನು ಹೊರಗೆ ಹಾಕಿದ ಹಾಗೆ ಮೈ ಅದನ್ನೂ ಹೊರಗೆ ಹಾಕುತ್ತದೆ.

ಸೀಮೆಎಣ್ಣೆ, ಬೀಡಿ ಕೆಂಡ, ಉಗುರು ಬಣ್ಣ, ಕೊಬ್ಬರಿ ಎಣ್ಣೆ, ಇವನ್ನೆಲ್ಲ ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಉಸಿರು ಕಟ್ಟಿ ತಾನೇ ಬಿಡುತ್ತದೆ ಅನ್ನುವ ನಂಬಿಕೆ. ಉಣುಗು ಉಸಿರಾಡುವುದು ಬಹಳ ಕಮ್ಮಿ, ಅಷ್ಟು ಬೇಗ ಸಾಯುವುದಿಲ್ಲ. ಅಷ್ಟು ಹೊತ್ತೂ ಅದು ಒಳಗೇ ಇರುತ್ತದೆ. ಸುಟ್ಟರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕುವ ಅಪಾಯ ಬೇರೆ. ಜೊತೆಗೆ ಎಣ್ಣೆ ಹಚ್ಚಿದ ಜಾಗದಲ್ಲಿ ಪ್ಲಕ್ಕರ್ ಜಾರುತ್ತದೆ, ಆಮೇಲೆ ಕೀಳುವುದು ಇನ್ನೂ ಕಷ್ಟ. ಮಕ್ಕಳ ಮೈಗೆ ಬೀಡಿ ಕೆಂಡ ಹಿಡಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಪ್ಲಾಸ್ಟಿಕ್ ಕೊಕ್ಕೆಯ ವಿಷಯ. ಚಿಕ್ಕ ಹಾರೆಕೋಲಿನ ತುದಿಯಂತೆ ಸೀಳಿರುತ್ತದೆ, ಸೀಳಿನೊಳಗೆ ಉಣುಗನ್ನು ಸಿಕ್ಕಿಸಿ ಮೇಲೆತ್ತಬೇಕು. ಆನ್‌ಲೈನ್‌ನಲ್ಲಿ ದೊಡ್ಡದು ಚಿಕ್ಕದು ಎರಡರ ಸೆಟ್ ತರಿಸಿದೆವು. ಚಿತ್ರದಲ್ಲಿ ಕಂಡಷ್ಟು ಸಣ್ಣ ಸೀಳು ನಮಗೆ ಬಂದದ್ದರಲ್ಲಿ ಇರಲಿಲ್ಲ. ಅಚ್ಚಿನ ಅಂಚು ಒರಟಾಗಿತ್ತು, ಸೀಳಿನ ಕೊನೆ ಚೂಪಾಗಿ ಕೂಡುವ ಬದಲು ದುಂಡಗಿತ್ತು. ನಿಂಫ್ ಅದರೊಳಗೆ ನಿಲ್ಲದೆ ನುಸುಳಿಹೋಯಿತು. ವಾಪಸ್ ಮಾಡುತ್ತೇವೆ ಅಂದರೆ ಇಂಥ ಸಾಮಾನು ವಾಪಸ್ ತಗೊಳ್ಳುವುದಿಲ್ಲ ಅಂದರು. ಮನುಷ್ಯರಿಗೆ ಅಂತ ಬರೆದು ಮಾರುವವರು ಚಿಕ್ಕ ಉಣುಗು ಹಿಡಿಯುವ ಹಾಗೆ ಅಚ್ಚು ಮಾಡಬೇಕಿತ್ತು. ಇದರಲ್ಲಿ ನನಗೆ ನಿಜವಾಗಿ ಬೇಜಾರಿದೆ, ಯಾಕಂದರೆ ಕಾಡಿನ ಬದಿಯ ಜನ ನಂಬಿ ಕೊಂಡರೆ ಕೀಳುವ ಹೊತ್ತಲ್ಲಿ ಕೈ ಕೊಡುತ್ತದೆ.

ಹಾಗಂತ ಕೊಕ್ಕೆಯನ್ನು ಎಸೆದಿಲ್ಲ. ನಾಯಿಯ ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ ಕೂತ ದೊಡ್ಡ ಉಣುಗಿಗೆ ಅದು ಚೆನ್ನಾಗಿ ಆಗುತ್ತದೆ. ನಾಯಿ ಚೂಪು ಸ್ಟೀಲ್ ಕಂಡರೆ ಮುಖ ತಿರುಗಿಸುತ್ತದೆ, ಪ್ಲಾಸ್ಟಿಕ್ ಆದರೆ ಸುಮ್ಮನಿರುತ್ತದೆ. ರೋಮದ ನಡುವೆ ಕೊಕ್ಕೆ ಜಾರಿಸಿ ಎತ್ತಿದರೆ ಬರುತ್ತದೆ. ನಾಯಿಗೆ ಹತ್ತುವ ಕಂದು ಉಣುಗು ಬೇರೆ ಜಾತಿ. ಅದು ಮನೆಯ ಗೋಡೆ ಬಿರುಕಿನಲ್ಲೂ ಬದುಕುತ್ತದೆ, ನಾಯಿಗೆ ಉಣುಗು ಜ್ವರ ತರುತ್ತದೆ. ನಾಯಿ ಊಟ ಬಿಟ್ಟು, ಒಸಡು ಬೆಳ್ಳಗಾಗಿ ಮಂಕಾದರೆ ಪಶು ವೈದ್ಯರ ಹತ್ತಿರ ಕರಕೊಂಡು ಹೋಗಿ.

ಇನ್ನು ಡೇಪಾ. ಸೊಳ್ಳೆ, ಉಣುಗು, ಇಂಬಳ ಹತ್ತಿರ ಬರದ ಹಾಗೆ ಮೈಗೆ ಹಚ್ಚುವ ಎಣ್ಣೆ. ಗ್ವಾಲಿಯರ್‌ನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದು, ನಮ್ಮ ಸೈನಿಕರೂ ಬಳಸುತ್ತಾರೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಆರೋಗ್ಯ ಇಲಾಖೆಯವರು ಕಾಯಿಲೆ ಇರುವ ಹಳ್ಳಿಗಳಲ್ಲಿ ಇದನ್ನು ಹಂಚುತ್ತಾರೆ. ನಮಗೆ ಆಶಾ ಅಕ್ಕ ಮನೆಗೇ ತಂದುಕೊಟ್ಟರು. ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದು, ಒಂದೊಂದು ಮನೆಯಲ್ಲಿ ನಿಂತು ಹೇಗೆ ಹಚ್ಚಬೇಕು ಅಂತ ತೋರಿಸಿ ಹೋಗುತ್ತಾರೆ. ಅವರ ಶ್ರಮಕ್ಕೆ ಎಷ್ಟು ಹೇಳಿದರೂ ಕಮ್ಮಿ.

ಎಣ್ಣೆ ಕೆಲಸ ಮಾಡುತ್ತದೆ. ಹಚ್ಚಿದ ಕಾಲಿಗೂ ಹಚ್ಚದ ಕಾಲಿಗೂ ವ್ಯತ್ಯಾಸ ನಮ್ಮ ಮನೆಯಲ್ಲೇ ಕಂಡಿದೆ. ಆದರೆ ಅದು ಹಚ್ಚಿದ ಜಾಗ ಮಾತ್ರ ಕಾಯುತ್ತದೆ. ಪಾದಕ್ಕೆ ಹಚ್ಚಿ ಹಿಮ್ಮಡಿಯ ಮೇಲೆ ಬಿಟ್ಟರೆ ಉಣುಗು ಅದೇ ದಾರಿಯಲ್ಲಿ ಹತ್ತುತ್ತದೆ. ಪಾದದಿಂದ ಮೊಣಕಾಲವರೆಗೆ, ಕೈ ಪೂರ್ತಿ, ಕುತ್ತಿಗೆ, ಕಿವಿಯ ಹಿಂದೆ ಹಚ್ಚಬೇಕು. ಕಣ್ಣು, ಬಾಯಿ, ಗಾಯ ಇರುವಲ್ಲಿ ಬೇಡ. ದರಕು ಗುಡಿಸುವ ಬೆವರಿಗೆ ಅದು ದಿನವಿಡೀ ನಿಲ್ಲುವುದಿಲ್ಲ. ನಾವು ಬಾಟಲಿಯನ್ನು ಹೆಡಿಗೆಯಲ್ಲೇ ಹಾಕಿಕೊಂಡು ಹೋಗಿ, ನಡುವೆ ಬೆಲ್ಲ ನೀರು ಕುಡಿಯಲು ಕೂತಾಗ ಇನ್ನೊಂದು ಸಲ ಹಚ್ಚಿಕೊಳ್ಳುತ್ತೇವೆ. ಕೊರತೆ ಅಂದರೆ ಜಿಡ್ಡು. ಹಚ್ಚಿದ ಕೈಗೆ ಕತ್ತಿ ಹಿಡಿ ಜಾರುತ್ತದೆ, ಎಲೆ ಪುಡಿ ಮೈಗೆ ಮೆತ್ತುತ್ತದೆ. ಅಂಗೈ ಒರೆಸಿಕೊಂಡು ಕತ್ತಿ ಹಿಡಿಯಿರಿ. ವಾಪಸ್ ಬಂದ ಮೇಲೆ ಸೋಪು ಹಾಕಿ ಪೂರ್ತಿ ತೊಳೆಯಬೇಕು. ಜಿಡ್ಡಿದೆ ಅಂತ ಹುಡುಗರು ಹಚ್ಚಲು ಒಪ್ಪುವುದಿಲ್ಲ. ನಮ್ಮ ಅತ್ತೆ ಬಾಗಿಲಲ್ಲೇ ಕೂತು, "ಎಣ್ಣೆ ಹಚ್ಚದೆ ಹೊಸಿಲು ದಾಟಬೇಡ ತಮ್ಮಾ" ಅಂತ ಹಚ್ಚಿಸಿಯೇ ಕಳಿಸುತ್ತಾರೆ.

ಬಟ್ಟೆ ವಿಷಯದಲ್ಲಿ ದೊಡ್ಡ ಖರ್ಚು ಬೇಡ. ಶಾಲೆಯ ಬಿಳಿ ಉದ್ದ ಸಾಕ್ಸ್ ಸಾಕು. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಬೇಕು. ಬಿಳಿ ಮೇಲೆ ಕಂದು ಚುಕ್ಕೆ ಹತ್ತುವುದು ನಡೆಯುವಾಗಲೇ ಕಾಣುತ್ತದೆ. ಸೀರೆ ಉಡುವವರು ಒಳಗೆ ಪ್ಯಾಂಟ್ ಹಾಕಿ, ಮೇಲೆ ಮನೆಯವರ ಹಳೇ ತುಂಬು ತೋಳಿನ ಅಂಗಿ ಹಾಕಿಕೊಳ್ಳುವುದು ಒಳ್ಳೆಯದು, ತಿಳಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಆರೋಗ್ಯ ಇಲಾಖೆಯವರು ಉಣುಗು ಹಿಡಿಯಲು ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋಗುತ್ತಾರೆ. ಅದನ್ನು ನೋಡಿ ನಾವೂ ಹಳೇ ಬಿಳಿ ಪಂಚೆಗೆ ಕೋಲು ಕಟ್ಟಿ, ಗುಡಿಸುವ ಜಾಗದಲ್ಲಿ ಮೊದಲು ಎಳೆದು ನೋಡುತ್ತೇವೆ. ಮರಿಗಳು ಪಂಚೆ ಮೇಲೆ ಜಾಸ್ತಿ ಕಂಡರೆ ಆ ದಿನ ಅಲ್ಲಿ ಗುಡಿಸುವುದಿಲ್ಲ. ಪಂಚೆಯಲ್ಲಿ ಕಾಣಲಿಲ್ಲ ಅಂತ ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಒಳಗೆ ಒಯ್ಯದೆ, ಹಂಡೆಯ ಕುದಿಯುವ ನೀರಿಗೆ ಹಾಕಿ. ತಣ್ಣೀರಲ್ಲಿ ನೆನೆಸಿದರೆ ಉಣುಗು ಸಾಯುವುದಿಲ್ಲ. ಸ್ನಾನದ ಹೊತ್ತಲ್ಲಿ ಮೈ ನೋಡಬೇಕು: ಮೊಣಕಾಲ ಹಿಂದೆ, ತೊಡೆ ಸಂದು, ಸೊಂಟದಲ್ಲಿ ಲಾಡಿ ಕಟ್ಟುವ ಜಾಗ, ಹೊಕ್ಕುಳು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ. ಮಕ್ಕಳಿಗೆ ತಲೆಯನ್ನು ಬೆರಳಾಡಿಸಿ ನೋಡಿ. ಬಟ್ಟೆ ಬಿಗಿಯಾಗಿರುವ ಕಡೆ ಉಣುಗು ನಿಂತು ಕಚ್ಚುತ್ತದೆ. ಇದು ನಾಚಿಕೆ ಪಡುವ ವಿಷಯ ಅಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು, ತಾಯಿ ಮಕ್ಕಳನ್ನು ನೋಡಿದರೆ ಆಯಿತು.

ದನದ ಬಗ್ಗೆ ಸ್ವಲ್ಪ ಹೇಳಬೇಕು. ಮಂಗನ ಕಾಯಿಲೆ ದನಕ್ಕೆ ಬರುವುದಿಲ್ಲ. ಆದರೆ ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆಗೆ ತಯಾರಾಗುವುದು ದನದಂಥ ದೊಡ್ಡ ಪ್ರಾಣಿಗಳ ಮೇಲೆ. ಲಾರ್ವಾ, ನಿಂಫ್ ಇಲಿ, ಅಳಿಲು, ನೆಲದ ಹಕ್ಕಿ, ಮಂಗಗಳ ಮೇಲೆ ಬೆಳೆಯುತ್ತವೆ. ಕಾಯಿಲೆ ಇರುವ ಮಂಗನ ರಕ್ತ ಕುಡಿದ ಲಾರ್ವಾ ಪೊರೆ ಕಳಚಿ ನಿಂಫ್ ಆದರೂ ವೈರಸ್ ಒಳಗೇ ಉಳಿಯುತ್ತದೆ. ಅದು ನಮ್ಮನ್ನು ಕಚ್ಚುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹಾಗಾಗಿ ಕಾಯಿಲೆಯವರನ್ನು ದೂರ ಇಡಬೇಡಿ. ಮಂಗವೋ ಮುಸಿಯವೋ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಅಕ್ಕನಿಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಸತ್ತ ಮಂಗನ ಮೈ ತಣ್ಣಗಾದ ಕೂಡಲೇ ಅದರ ಉಣುಗುಗಳು ಇಳಿದು ಸುತ್ತ ಹರಡಿಕೊಂಡಿರುತ್ತವೆ. ಆ ಜಾಗಕ್ಕೆ ಅವರು ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ದನಕ್ಕೆ ಉಣುಗಿನ ಔಷಧಿ ಹಾಕುವುದು ಪಶು ವೈದ್ಯರನ್ನು ಕೇಳಿಯೇ. ಎಷ್ಟು ನೀರಿಗೆ ಎಷ್ಟು ಅನ್ನುವುದು ತಪ್ಪಿದರೆ ದನಕ್ಕೇ ತೊಂದರೆ. ಕಿವಿ ಒಳಗೆ, ಗಂಗೆದೊಗಲು, ಕೆಚ್ಚಲ ಸುತ್ತ, ಬಾಲದ ಕೆಳಗೆ ನೋಡಲು ಮರೆಯಬೇಡಿ.

ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಮತ್ತು ಕೈಕಾಲು ಮುರಿದ ಹಾಗೆ ನೋವು, ವಾಂತಿ ಶುರುವಾದರೆ ಅಂಗಡಿ ಮಾತ್ರೆ ನುಂಗುತ್ತಾ ಕೂರಬೇಡಿ. ಒಸಡಿಂದಲೋ ಮೂಗಿಂದಲೋ ರಕ್ತ ಬರುವವರೆಗೆ ಕಾಯಲೇಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚಿದ್ದನ್ನು, ಕಾಡಿಗೆ ಹೋಗಿದ್ದನ್ನು ನೀವೇ ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆಗೆ ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು, ತಲೆನೋವು, ಕೈ ನಡುಕ, ಗೊಂದಲ ಕಾಣಿಸಿಕೊಳ್ಳುತ್ತದೆ. ಜ್ವರ ಬಿಟ್ಟಿತು ಅಂತ ಮರುದಿನವೇ ಕೆಲಸಕ್ಕೆ ಇಳಿಸಬೇಡಿ.

ಕೊನೆಗೆ ಖರ್ಚಿನ ಲೆಕ್ಕ ಕೇಳುವವರಿಗೆ. ಪ್ಲಕ್ಕರ್, ಲೆನ್ಸ್, ಟೇಪ್, ಎರಡು ಜೊತೆ ಬಿಳಿ ಸಾಕ್ಸ್ ಎಲ್ಲ ಸೇರಿದರೂ ಒಂದು ಆಳಿನ ದಿನದ ಕೂಲಿಯಷ್ಟು ಆಗುವುದಿಲ್ಲ. ಪ್ಲಕ್ಕರ್ ಎರಡು ತಗೊಳ್ಳಿ, ಒಂದು ಮನೆಯವರಿಗೆ, ಒಂದು ದನ ನಾಯಿಗೆ. ಬೆರೆಯದ ಹಾಗೆ ಒಂದಕ್ಕೆ ಕೆಂಪು ದಾರ ಸುತ್ತಿ. ತುದಿ ಬಾಗದ ಹಾಗೆ ಹಳೇ ಪೆನ್ನಿನ ಮುಚ್ಚಳ ಹಾಕಿಡಿ, ಬಳಸಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ. ಡೇಪಾವನ್ನು ನವೆಂಬರ್‌ನಲ್ಲೇ ಕೇಳಿಡಿ. ದರಕು ಶುರುವಾದ ಮೇಲೆ ಎಲ್ಲರೂ ಕೇಳುತ್ತಾರೆ, ಬಾಟಲಿ ಬೇಗ ಖಾಲಿಯಾಗುತ್ತದೆ. ನಿಮ್ಮ ಹಳ್ಳಿಗೆ ಇನ್ನೂ ಬಂದಿಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿ.